ದನವೋ, ಧನವೋ? – ಅಗಲದ ಮಾನಿಟರ್ ಕೊಳ್ಳುವ ಮುನ್ನ



ಥ್ಯಾಂಕ್ಸ್‌ಗಿವಿಂಗ್ ಹತ್ತಿರ ಬಂತೆಂದರೆ ನಮ್ಮ ಭಾನುವಾರದ ಕನ್ನಡ ತರಗತಿಯ ಹೊರಗೆ, ಕಾಫಿ ಫ್ಲಾಸ್ಕಿನ ಸುತ್ತ, ಒಂದು ಮಾತು ಬಂದೇ ಬರುತ್ತದೆ. "ಮಗ ಅಲ್ಟ್ರಾವೈಡ್ ಮಾನಿಟರ್ ಬೇಕು ಅಂತ ಹಟ ಹಿಡಿದಿದ್ದಾನೆ ಮೇಡಂ. ಗೇಮಿಗೂ ಆಗುತ್ತೆ, ಅಪ್ಪನ ಆಫೀಸ್ ಕೆಲಸಕ್ಕೂ ಆಗುತ್ತೆ ಅಂತಾನೆ. 34 ಇಂಚು ತೊಗೊಳ್ಳೋದಾ, 49 ಇಂಚು ತೊಗೊಳ್ಳೋದಾ?"

ಕನ್ನಡ ಪಾಠ ಮಾಡುವವರಿಗೂ ಮಾನಿಟರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ನಾವು ಒಮ್ಮೆ ನಮ್ಮ ಕೆಲಸಕ್ಕೆ ಒಗ್ಗದ ಮಾನಿಟರ್ ಕೊಂಡು, ಅದರ ಬೆಲೆಯನ್ನು ಡಾಲರಿನಲ್ಲಿ ಮಾತ್ರವಲ್ಲ, ಮಗನ ಕಣ್ಣೀರಿನಲ್ಲೂ ತೆತ್ತಿದ್ದೇವೆ. ಅದರಿಂದ ಕಲಿತ ನಾಲ್ಕು ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಮನೆಯ ಕಥೆ

ಅದು 2020ರ ನವೆಂಬರ್. ಆಗ ನಾವು ಶಿಕಾಗೋ ಬಳಿಯ ನೇಪರ್ವಿಲ್‌ನಲ್ಲಿದ್ದೆವು. ಡೆಟ್ರಾಯ್ಟ್ ಬಳಿಯ ನೋವೈಗೆ ಬಂದದ್ದು ಆಮೇಲೆ. ಅನೇಕ ಶಾಲೆಗಳಂತೆ ನಮ್ಮ ಕನ್ನಡ ತರಗತಿಯೂ ಕಂಪ್ಯೂಟರ್ ಮೂಲಕವೇ ನಡೆಯುತ್ತಿತ್ತು. ಯಜಮಾನರ ಆಫೀಸು, ಮಗನ ಶಾಲೆ, ನಮ್ಮ ತರಗತಿ, ಸಂಜೆ ಮಗನ ಗೇಮು – ಎಲ್ಲಕ್ಕೂ ಸೇರಿ ಒಂದೇ ದೊಡ್ಡ ಪರದೆ ಇರಲೆಂದು ಯೋಚಿಸಿದೆವು. ರಿಯಾಯಿತಿ ದರದಲ್ಲಿ 34 ಇಂಚಿನ ಅಲ್ಟ್ರಾವೈಡ್ ಒಂದು ಸಿಕ್ಕಿತು. ಪೆಟ್ಟಿಗೆ ಬಿಚ್ಚಿದಾಗ ಮನೆಯಲ್ಲಿ ಹಬ್ಬ!

ಎರಡು ವಾರ ಕಳೆಯುವಷ್ಟರಲ್ಲಿ ಮಗನ ಕನ್ನಡ ಓದು ಕೆಟ್ಟಿತು. ಅಲ್ಲಿಯವರೆಗೆ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿಯೇ ಓದುತ್ತಿದ್ದ ಹುಡುಗ, 'ರೈತನು ಧನವನ್ನು ಪೆಟ್ಟಿಗೆಯಲ್ಲಿಟ್ಟನು' ಎಂಬುದನ್ನು 'ರೈತನು ದನವನ್ನು ಪೆಟ್ಟಿಗೆಯಲ್ಲಿಟ್ಟನು' ಎಂದು ಓದಿದ. ಪರದೆಯ ಮೇಲಿದ್ದ ಹನ್ನೆರಡು ಮಕ್ಕಳೂ ನಕ್ಕರು. 'ಭಾರ' ಬಾರವಾಯಿತು, 'ರತ್ನ' ರತ್ತವಾಯಿತು. ಇಲ್ಲೇ ಹುಟ್ಟಿದ ಮಕ್ಕಳಿಗೆ ಮಹಾಪ್ರಾಣ ನಾಲಿಗೆಗೆ ಹತ್ತುವುದು ಕಷ್ಟ ಎಂದು ಮೊದಲು ಸಮಾಧಾನ ಮಾಡಿಕೊಂಡೆವು. ಆಮೇಲೆ 'ಗಮನವೆಲ್ಲ ಗೇಮಿನ ಮೇಲೆ' ಎಂದು ಬೈದೆವು. ಕೊನೆಗೆ ಗೇಮಿನ ಸಮಯವನ್ನು ಅರ್ಧಕ್ಕೆ ಇಳಿಸಿದೆವು. ಟೀಚರ್ ಮಗನೇ ತಪ್ಪು ಓದಿದರೆ ಹೇಗೆ ಎಂಬ ಒಣ ಪ್ರತಿಷ್ಠೆಯೂ ನಮಗಿತ್ತು. ಒಂದು ದಿನ ಅವನು 'ನನಗೆ ಕನ್ನಡ ಬೇಡ' ಎಂದು ಅತ್ತುಬಿಟ್ಟ.

ಜನವರಿಯಲ್ಲಿ ಪ್ರಿಂಟರಿಗೆ ಇಂಕು ತಂದಾಗ ಅದೇ ಪಾಠವನ್ನು ಕಾಗದದ ಮೇಲೆ ಮುದ್ರಿಸಿ ಕೊಟ್ಟೆವು. ಒಂದೂ ತಪ್ಪಿಲ್ಲದೆ ಓದಿ ಮುಗಿಸಿದ. "ಅಮ್ಮಾ, ಇಲ್ಲಿ ಅಕ್ಷರದ ಕೆಳಗೆ ಚಿಕ್ಕ ಗೀಟು ಇದೆ. ಕಂಪ್ಯೂಟರಲ್ಲಿ ಇರಲಿಲ್ಲ" ಎಂದ. ಹೋಗಿ ಪರದೆಯ ಹತ್ತಿರ ಮುಖವಿಟ್ಟು ನೋಡಿದೆವು. ಅವನು ಹೇಳಿದ್ದು ನಿಜ. 'ಧ'ಕಾರದ ಕೆಳಗಿನ ಗೀಟು ಬೂದು ಬಣ್ಣದ ಮಸುಕಾಗಿ ಅಕ್ಷರದೊಳಗೇ ಕರಗಿಹೋಗಿತ್ತು. ನಮಗೆ ಪಾಠ ಬಾಯಿಪಾಠವಾಗಿದ್ದರಿಂದ ಇಲ್ಲದ ಗೀಟೂ ಕಾಣುತ್ತಿತ್ತು. ಮಗು ಇದ್ದದ್ದನ್ನು ಇದ್ದಂತೆ ಓದಿತ್ತು.

ಅಕ್ಷರವನ್ನು ದೊಡ್ಡದು ಮಾಡಬಹುದಿತ್ತಲ್ಲ ಎನ್ನುತ್ತೀರಾ? ಮಾಡಬಹುದಿತ್ತು. ಆದರೆ ತೊಂದರೆ ಪರದೆಯಲ್ಲಿದೆ ಎಂದು ನಮಗೆ ಹೊಳೆದಿದ್ದರೆ ತಾನೆ?

ಇಂಚು ಎಂದರೆ ಯಾವ ಇಂಚು?

ಸೀರೆ ಕೊಳ್ಳುವಾಗ ಉದ್ದವೆಷ್ಟು, ಪನ್ನವೆಷ್ಟು ಎಂದು ಎರಡನ್ನೂ ಕೇಳುತ್ತೇವೆ. ಮಾನಿಟರ್ ಕೊಳ್ಳುವಾಗ ಮಾತ್ರ ಒಂದೇ ಅಳತೆಗೆ ಮರುಳಾಗುತ್ತೇವೆ. ಪೆಟ್ಟಿಗೆಯ ಮೇಲಿನ ಇಂಚು ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಅಳೆದದ್ದು. ಸಾಮಾನ್ಯ ಮಾನಿಟರಿನ ಅಗಲ-ಎತ್ತರಗಳ ಪ್ರಮಾಣ 16:9. ಅಲ್ಟ್ರಾವೈಡ್‌ನದು 21:9 ಎಂದು ಹೇಳುತ್ತಾರೆ. 49 ಇಂಚಿನ ಇನ್ನೂ ಉದ್ದನೆಯವು 32:9.

ವಿದ್ಯಾರ್ಥಿಗಳೇ, ಗಣಿತ ತರಗತಿಯ ಪೈಥಾಗೊರಸ್ ಪ್ರಮೇಯ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಓರೆ ಅಳತೆಯೂ ಪ್ರಮಾಣವೂ ಗೊತ್ತಿದ್ದರೆ ಅಗಲ, ಎತ್ತರ ಕಂಡುಹಿಡಿಯಬಹುದು. ನಾವು ಮಾಡಿದ ಲೆಕ್ಕ ಹೀಗಿದೆ:

27 ಇಂಚು, 16:9 – ಅಗಲ 23.5 ಇಂಚು, ಎತ್ತರ 13.2 ಇಂಚು
32 ಇಂಚು, 16:9 – ಅಗಲ 27.9 ಇಂಚು, ಎತ್ತರ 15.7 ಇಂಚು
34 ಇಂಚು, 21:9 (ನಿಜವಾಗಿ 3440:1440) – ಅಗಲ 31.4 ಇಂಚು, ಎತ್ತರ 13.1 ಇಂಚು
49 ಇಂಚು, 32:9 – ಅಗಲ 47.2 ಇಂಚು, ಎತ್ತರ 13.3 ಇಂಚು

ನೋಡಿದಿರಾ? 27, 34 ಮತ್ತು 49 ಇಂಚಿನ ಈ ಮೂರೂ ಪರದೆಗಳ ಎತ್ತರ ಹೆಚ್ಚು ಕಡಿಮೆ ಒಂದೇ! ಇಂಚು ಹೆಚ್ಚಿದಂತೆ ಪಕ್ಕಕ್ಕೆ ಬೆಳೆದಿದೆಯೇ ಹೊರತು ಮೇಲಕ್ಕಲ್ಲ. ಇನ್ನೊಂದು ವಿಚಿತ್ರ: ಅಗಲವನ್ನು ಎತ್ತರದಿಂದ ಗುಣಿಸಿದರೆ 32 ಇಂಚಿನ ಸಾಮಾನ್ಯ ಮಾನಿಟರಿನ ವಿಸ್ತೀರ್ಣ ಸುಮಾರು 438 ಚದರ ಇಂಚು, 34 ಇಂಚಿನ ಅಲ್ಟ್ರಾವೈಡ್‌ನದು ಸುಮಾರು 411. ಹೆಸರಿನಲ್ಲಿ ದೊಡ್ಡದು, ಜಾಗದಲ್ಲಿ ಚಿಕ್ಕದು.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಅಳತೆ ಪಟ್ಟಿಯನ್ನು ಮೇಜಿನ ಮೇಲೆ ಇಡಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲವೇ? 49 ಇಂಚಿನ ಮಾನಿಟರಿಗೆ ಸುಮಾರು ನಾಲ್ಕು ಅಡಿ ಅಗಲದ ಜಾಗ ಅದಕ್ಕೊಂದಕ್ಕೇ ಬೇಕು. ಸ್ಟ್ಯಾಂಡು ಹಿಂದಕ್ಕೂ ಮುಂದಕ್ಕೂ ಚಾಚಿರುತ್ತದೆ. ಪರದೆ ಕಣ್ಣಿನಿಂದ ಒಂದು ತೋಳಿನಷ್ಟಾದರೂ ದೂರವಿರಬೇಕಾದ್ದರಿಂದ ಮೇಜಿನ ಆಳವನ್ನೂ ಅಳೆಯಿರಿ.

ರಂಗೋಲಿಯ ಚುಕ್ಕಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಪರದೆಯ ಮೇಲೆ ಕಾಣುವುದೆಲ್ಲ ಪುಟ್ಟ ಪುಟ್ಟ ಚುಕ್ಕಿಗಳಿಂದ ಆದದ್ದು. ಇವೇ ಪಿಕ್ಸೆಲ್‌ಗಳು. ಅಜ್ಜಿ ಅಂಗಳದಲ್ಲಿ ರಂಗೋಲಿ ಹಾಕುವುದನ್ನು ನೆನೆಸಿಕೊಳ್ಳಿ. ಅಂಗಳ ಒಂದೇ. ಏಳು ಚುಕ್ಕಿ ಇಟ್ಟರೆ ಒಂದು ನಕ್ಷತ್ರ ಬಿಡಿಸಬಹುದು. ಅಷ್ಟೇ ಜಾಗದಲ್ಲಿ ಇಪ್ಪತ್ತೊಂದು ಚುಕ್ಕಿ ಇಟ್ಟರೆ ನವಿಲು, ಅದರ ಗರಿ, ಗರಿಯ ಕಣ್ಣು ಎಲ್ಲವೂ ಬರುತ್ತದೆ. ಮಾನಿಟರಿನಲ್ಲೂ ಒಂದು ಇಂಚಿನಲ್ಲಿ ಎಷ್ಟು ಚುಕ್ಕಿಗಳಿವೆ ಎಂಬುದೇ ಅಕ್ಷರದ ಸ್ಪಷ್ಟತೆಯನ್ನು ನಿರ್ಧರಿಸುತ್ತದೆ.

ಇದನ್ನು ಲೆಕ್ಕ ಹಾಕುವುದು ಸುಲಭ. ಪೆಟ್ಟಿಗೆಯ ಮೇಲೆ 3440 × 1440 ಎಂಬಂತೆ ಎರಡು ಸಂಖ್ಯೆಗಳಿರುತ್ತವೆ. ಎರಡನ್ನೂ ವರ್ಗ ಮಾಡಿ ಕೂಡಿಸಿ, ವರ್ಗಮೂಲ ತೆಗೆದು, ಮಾನಿಟರಿನ ಇಂಚಿನಿಂದ ಭಾಗಿಸಿ. ಉತ್ತರಗಳು ಹೀಗೆ ಬರುತ್ತವೆ:

34 ಇಂಚು, 2560 × 1080 – ಇಂಚಿಗೆ 82 ಚುಕ್ಕಿ
45 ಇಂಚು, 3440 × 1440 – ಇಂಚಿಗೆ 83 ಚುಕ್ಕಿ
34 ಇಂಚು, 3440 × 1440 – ಇಂಚಿಗೆ 110 ಚುಕ್ಕಿ
38 ಇಂಚು, 3840 × 1600 – ಇಂಚಿಗೆ 109 ಚುಕ್ಕಿ
49 ಇಂಚು, 5120 × 1440 – ಇಂಚಿಗೆ 109 ಚುಕ್ಕಿ
40 ಇಂಚು, 5120 × 2160 – ಇಂಚಿಗೆ 139 ಚುಕ್ಕಿ

ನಾವು ಕೊಂಡದ್ದು ಮೊದಲನೆಯ ಸಾಲಿನದು. ಮಗ ಅದುವರೆಗೆ ಓದುತ್ತಿದ್ದ 14 ಇಂಚಿನ ಲ್ಯಾಪ್‌ಟಾಪಿನಲ್ಲಿ ಇಂಚಿಗೆ 157 ಚುಕ್ಕಿಗಳಿದ್ದವು! ಎರಡನೆಯ ಸಾಲನ್ನೂ ಗಮನಿಸಿ. 45 ಇಂಚು ಎಂದರೆ ಬೆಲೆಯೂ ಹೆಚ್ಚು, ಗಾತ್ರವೂ ಭರ್ಜರಿ. ಆದರೆ ಚುಕ್ಕಿಗಳು 34 ಇಂಚಿನದಷ್ಟೇ. ದೊಡ್ಡ ಅಂಗಳಕ್ಕೆ ಅವನ್ನೇ ದೂರ ದೂರ ಇಟ್ಟಂತೆ.

ಕನ್ನಡಕ್ಕೆ ಈ ಲೆಕ್ಕ ಇಂಗ್ಲಿಷಿಗಿಂತ ಹೆಚ್ಚು ಮುಖ್ಯ. ಇಂಗ್ಲಿಷ್ ಅಕ್ಷರಗಳಲ್ಲಿ ನೇರ ಗೆರೆಗಳು, ಕೆಲವು ಬಳಸುಗೆರೆಗಳು. ನಮ್ಮ ಅಕ್ಷರಕ್ಕೆ ತಲೆಕಟ್ಟು, ಮೇಲೆ ಗುಣಿತದ ಚಿಹ್ನೆ, ನಡುವೆ ದುಂಡನೆಯ ಮೈ, ಕೆಳಗೆ ಒತ್ತು – ಒಂದರ ಕೆಳಗೊಂದು ಮೂರು ಅಂತಸ್ತು. 'ರಾಷ್ಟ್ರ', 'ಸ್ತ್ರೀ', 'ಲಕ್ಷ್ಮಿ' ಎಂಬಲ್ಲಿ ಒತ್ತಿಗೂ ಒಂದು ಒತ್ತು. 4 ಮಿಲಿಮೀಟರ್ ಎತ್ತರದ ಜಾಗವನ್ನು ತೆಗೆದುಕೊಂಡರೆ, ಇಂಚಿಗೆ 82 ಚುಕ್ಕಿಯ ಪರದೆಯಲ್ಲಿ ಅಲ್ಲಿ ಸಿಗುವುದು ಸುಮಾರು 13 ಚುಕ್ಕಿ. 110ರ ಪರದೆಯಲ್ಲಿ 17. 139ರಲ್ಲಿ ಸುಮಾರು 22. ಹದಿಮೂರು ಚುಕ್ಕಿಯಲ್ಲಿ ಮೂರು ಅಂತಸ್ತು ಕಟ್ಟುವಾಗ 'ಧ'ದ ಗೀಟಿಗೆ ಒಂದು ಚುಕ್ಕಿಯೂ ಪೂರ್ತಿ ಸಿಗದೆ ಹೋಗಬಹುದು. ಆಗ ಧನವು ದನವಾಗುತ್ತದೆ!

ನಮ್ಮ ಅನುಭವದಲ್ಲಿ ಕನ್ನಡ ಓದುವ ಮನೆಗೆ ಇಂಚಿಗೆ 110ರ ಆಸುಪಾಸು ಬೇಕು. ಹೆಚ್ಚಾದರೆ ಇನ್ನೂ ಒಳ್ಳೆಯದು.

ಪರದೆ ಹುಟ್ಟಿದ್ದು ಪಾಠಕ್ಕಾಗಿ

ಇಲ್ಲಿ ನಮ್ಮ ಮಕ್ಕಳು ತಿಳಿಯಬೇಕಾದ ಒಂದು ಊರಿನ ಹೆಮ್ಮೆಯ ಸಂಗತಿ ಇದೆ. ಶಿಕಾಗೋದಿಂದ ಸುಮಾರು 135 ಮೈಲಿ ದಕ್ಷಿಣಕ್ಕಿರುವ ಅರ್ಬಾನಾ-ಶಾಂಪೇನ್‌ನ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಪ್ಲೇಟೋ ಎಂಬ ಕಂಪ್ಯೂಟರ್ ಪಾಠದ ವ್ಯವಸ್ಥೆ ಆರಂಭವಾಯಿತು. ವಿದ್ಯಾರ್ಥಿಗಳ ಮುಂದೆ ಇಡಲು ಒಳ್ಳೆಯ ಪರದೆ ಬೇಕಾಯಿತು. ಅದಕ್ಕಾಗಿ ಡೊನಾಲ್ಡ್ ಬಿಟ್ಜರ್, ಜೀನ್ ಸ್ಲಾಟೊ ಮತ್ತು ಅವರ ವಿದ್ಯಾರ್ಥಿ ರಾಬರ್ಟ್ ವಿಲ್ಸನ್ 1964ರಲ್ಲಿ ಚಪ್ಪಟೆಯಾದ ಪ್ಲಾಸ್ಮಾ ಪರದೆಯನ್ನು ಕಂಡುಹಿಡಿದರು. 1972ರ ಪ್ಲೇಟೋ ಯಂತ್ರದ ಪರದೆಯಲ್ಲಿ ಇದ್ದದ್ದು 512 × 512 ಚುಕ್ಕಿಗಳು, ಕಿತ್ತಳೆ ಬಣ್ಣದ ಬೆಳಕು ಮಾತ್ರ. ಮುಂದೆ ಗೋಡೆಯ ಮೇಲೆ ತೂಗುಹಾಕುವ ಪ್ಲಾಸ್ಮಾ ಟಿವಿಗಳು ಬಂದವು. ಇಂದಿನ ಮಾನಿಟರುಗಳು ಬೇರೆ ತಂತ್ರದವು. ಪ್ಲಾಸ್ಮಾ ಟಿವಿಗಳ ತಯಾರಿಕೆಯೂ ನಿಂತಿದೆ. ಆದರೂ ನಮ್ಮ ನೆರೆಯ ಊರಿನಲ್ಲಿ ಚಪ್ಪಟೆ ಪರದೆಯೊಂದು ಹುಟ್ಟಿದ್ದು ಒಬ್ಬ ವಿದ್ಯಾರ್ಥಿ ಕುಳಿತು ಪಾಠ ಓದಲೆಂದೇ ಎಂಬುದನ್ನು ಮರೆಯಬಾರದು.

ಗೇಮ್ ಆಡುವವರಿಗೆ

ಮಕ್ಕಳೇ, ನಿಮ್ಮ ಭಾಗ ಈಗ ಬಂತು. ಅಲ್ಟ್ರಾವೈಡ್‌ನಲ್ಲಿ ಕಾರ್ ರೇಸ್ ಆಡಿದರೆ ಪಕ್ಕದ ರಸ್ತೆಯೂ ಕಾಣುತ್ತದೆ. ಅದರ ಸೊಗಸೇ ಬೇರೆ, ಒಪ್ಪಿದೆವು. ಆದರೆ ಮೂರು ವಿಷಯ ನೋಡಿಕೊಳ್ಳಿ.

ಮೊದಲನೆಯದು, ನಿಮ್ಮದು ಕಂಪ್ಯೂಟರೋ, ಗೇಮ್ ಪೆಟ್ಟಿಗೆಯೋ? ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ನಿಂಟೆಂಡೊ ಸ್ವಿಚ್ – ಇವು ಚಿತ್ರ ಕಳಿಸುವುದು 16:9ರಲ್ಲೇ. 34 ಇಂಚಿನ ಅಲ್ಟ್ರಾವೈಡ್‌ಗೆ ಜೋಡಿಸಿದರೆ ಎರಡೂ ಬದಿಯಲ್ಲಿ ತಲಾ 4 ಇಂಚು ಕಪ್ಪಾಗಿ ಉಳಿಯುತ್ತದೆ. ಬರೀ ಇವುಗಳಲ್ಲೇ ಆಡುವವರು ಅಲ್ಟ್ರಾವೈಡ್‌ಗೆ ಹಣ ಹಾಕುವುದು ವ್ಯರ್ಥ. ಕಂಪ್ಯೂಟರಿನ ಕೆಲವು ಸ್ಪರ್ಧೆಯ ಗೇಮುಗಳೂ ಪೂರ್ತಿ ಅಗಲವನ್ನು ಬಳಸುವುದಿಲ್ಲ.

ಎರಡನೆಯದು, ಗ್ರಾಫಿಕ್ಸ್ ಕಾರ್ಡಿನ ಶಕ್ತಿ. 1920 × 1080ರ ಪರದೆಯಲ್ಲಿ ಒಂದು ಚಿತ್ರಕ್ಕೆ ಸುಮಾರು 20.7 ಲಕ್ಷ ಚುಕ್ಕಿ ಬರೆಯಬೇಕು. 3440 × 1440ಕ್ಕೆ 49.5 ಲಕ್ಷ. 5120 × 1440ಕ್ಕೆ 73.7 ಲಕ್ಷ. ಇದನ್ನು ಸೆಕೆಂಡಿಗೆ ಹತ್ತಾರು ಬಾರಿ ಮಾಡಬೇಕು! ಹಳೆಯ ಕಾರ್ಡಿಗೆ ದೊಡ್ಡ ಪರದೆ ಕಟ್ಟಿದರೆ ಎತ್ತಿನ ಗಾಡಿಗೆ ಲಾರಿಯ ಸಾಮಾನು ಹೇರಿದಂತೆ. ಮಾನಿಟರಿನ ಜೊತೆ ಕಾರ್ಡೂ ಬೇಕಾದೀತು ಎಂಬುದನ್ನು ಅಪ್ಪ ಅಮ್ಮನಿಗೆ ಮೊದಲೇ ಹೇಳಿಬಿಡಿ.

ಮೂರನೆಯದು, ರಿಫ್ರೆಶ್ ರೇಟ್. 60 ಹರ್ಟ್ಸ್ ಎಂದರೆ ಪರದೆ ಸೆಕೆಂಡಿಗೆ 60 ಬಾರಿ ಹೊಸದಾಗುತ್ತದೆ. ಒಂದಕ್ಕೂ ಇನ್ನೊಂದಕ್ಕೂ 16.7 ಮಿಲಿಸೆಕೆಂಡ್. 144 ಹರ್ಟ್ಸ್‌ನಲ್ಲಿ ಅದು 6.9ಕ್ಕೆ ಇಳಿಯುತ್ತದೆ, ಚಲನೆ ನಯವಾಗುತ್ತದೆ. ಓದುಬರಹಕ್ಕೆ 60 ಸಾಕು, ಗೇಮಿಗೆ 100ರಿಂದ 165 ಧಾರಾಳವಾಯಿತು. ಅದಕ್ಕಿಂತ ಮೇಲಿನದಕ್ಕೆ ಹಣ ಕೊಡುವ ಬದಲು ಆ ಹಣವನ್ನು ಚುಕ್ಕಿಗಳಿಗೆ ಕೊಡಿ ಎನ್ನುತ್ತೇವೆ ನಾವು. ಹಳೆಯ ಎಚ್‌ಡಿಎಂಐ ತಂತಿ ಪೂರ್ಣ ವೇಗ ಕೊಡದೆ ಇರಬಹುದು. ಡಿಸ್‌ಪ್ಲೇಪೋರ್ಟ್ ಇದ್ದರೆ ಅದನ್ನೇ ಬಳಸಿ.

ಆಫೀಸಿಗೆ, ಮನೆಗೆ

ದಿನದ ಕೆಲಸಕ್ಕೆ ಅಲ್ಟ್ರಾವೈಡ್ ನಿಜವಾಗಿ ಅನುಕೂಲ. ಎಡಗಡೆ ಪಾಠದ ಪುಟ, ಬಲಗಡೆ ಮಕ್ಕಳ ಮುಖಗಳು; ನಡುವೆ ಎರಡು ಮಾನಿಟರುಗಳ ಕಪ್ಪು ಅಂಚಿಲ್ಲ. ಊರಿನಲ್ಲಿರುವ ಅಜ್ಜ ಅಜ್ಜಿಯ ಜೊತೆ ವಿಡಿಯೋದಲ್ಲಿ ಮಾತಾಡುತ್ತಲೇ ಅವರಿಗೆ ಫೋಟೋ ತೋರಿಸಬಹುದು. ಸಿನಿಮಾಸ್ಕೋಪ್ ಚಿತ್ರಗಳು ಪರದೆ ತುಂಬ ಕಾಣುತ್ತವೆ. ಕನ್ನಡದ ಮೊದಲ ಸಿನಿಮಾಸ್ಕೋಪ್ ಎಂದು ಹೆಸರಾದ 'ಸೊಸೆ ತಂದ ಸೌಭಾಗ್ಯ' ಬಂದದ್ದು 1977ರಲ್ಲಿ. ಆ ಅಗಲದ ಚಿತ್ರಗಳಿಗೆ ಮನೆಯಲ್ಲಿ ಸರಿಯಾದ ಪರದೆ ಈಗ ಸಿಕ್ಕಿದೆ ಎನ್ನಿ.

ಆಫೀಸಿನ ಲ್ಯಾಪ್‌ಟಾಪೂ ಗೇಮಿನ ಕಂಪ್ಯೂಟರೂ ಒಂದೇ ಮಾನಿಟರಿಗೆ ಬರುವುದಾದರೆ ಕೆವಿಎಂ ಸೌಲಭ್ಯ ಇದೆಯೇ ಕೇಳಿ. ಒಂದೇ ಕೀಬೋರ್ಡು, ಮೌಸು ಎರಡಕ್ಕೂ ನಡೆಯುತ್ತದೆ. ಯುಎಸ್‌ಬಿ-ಸಿ ಇದ್ದರೆ ಚಿತ್ರವೂ ಲ್ಯಾಪ್‌ಟಾಪಿನ ಚಾರ್ಜೂ ಒಂದೇ ತಂತಿಯಲ್ಲಿ ಬರಬಹುದು. ಪರದೆಯ ಬಾಗು 1800 ಆರ್ ಎಂದಿದ್ದರೆ ಅದು 1.8 ಮೀಟರ್ ತ್ರಿಜ್ಯದ ವೃತ್ತದ ತುಣುಕು, 1000 ಆರ್ ಎಂದರೆ 1 ಮೀಟರಿನದು. ಸಂಖ್ಯೆ ಚಿಕ್ಕದಾದಷ್ಟೂ ಬಾಗು ಹೆಚ್ಚು. ಒಬ್ಬರೇ ಕೂತು ಆಡಲು ಬಾಗು ಚೆನ್ನ, ಮನೆಮಂದಿ ಪಕ್ಕದಲ್ಲಿ ಕೂತು ನೋಡಲು ಕಡಿಮೆ ಬಾಗು ಚೆನ್ನ.

ಪರದೆಯ ಜಾತಿಗಳು ಮುಖ್ಯವಾಗಿ ಮೂರು. ಐಪಿಎಸ್ ಯಾವ ಕಡೆಯಿಂದ ನೋಡಿದರೂ ಬಣ್ಣ ಕೆಡದು. ವಿಎ ಕಪ್ಪನ್ನು ಚೆನ್ನಾಗಿ ತೋರಿಸುತ್ತದೆ, ಆದರೆ ಕತ್ತಲ ದೃಶ್ಯಗಳ ಚಲನೆಯಲ್ಲಿ ಕೆಲವೊಮ್ಮೆ ಮಸಿ ಬಳಿದಂತಾಗುತ್ತದೆ. ಓಎಲ್‌ಇಡಿ ಗೇಮಿಗೆ ಅಪೂರ್ವ, ಆದರೆ ದಿನವಿಡೀ ಒಂದೇ ಚಿತ್ರ ನಿಂತಿದ್ದರೆ ಅದರ ಅಚ್ಚು ಉಳಿದುಬಿಡುವ ಭಯವಿದೆ. ಕೆಲವು ಓಎಲ್‌ಇಡಿಗಳಲ್ಲಿ ಅಕ್ಷರದ ಅಂಚಿಗೆ ಬಣ್ಣದ ಎಳೆಯೂ ಕಾಣುತ್ತದೆ. ಎಂಟು ಗಂಟೆ ಆಫೀಸು, ಒಂದು ಗಂಟೆ ಗೇಮು ಎನ್ನುವ ಮನೆಗೆ ಐಪಿಎಸ್ ಸುರಕ್ಷಿತ.

ಅಂಗಡಿಯಲ್ಲಿ

ಜಾಹೀರಾತು ನೋಡಿ ಕೊಳ್ಳುವ ಬದಲು ಒಮ್ಮೆ ಕಣ್ಣಾರೆ ನೋಡಿ. ಶಿಕಾಗೋ ಕಡೆಯವರಿಗೆ ನಗರದಲ್ಲೂ ವೆಸ್ಟ್‌ಮಾಂಟ್‌ನಲ್ಲೂ, ಡೆಟ್ರಾಯ್ಟ್ ಕಡೆಯವರಿಗೆ ಮ್ಯಾಡಿಸನ್ ಹೈಟ್ಸ್‌ನಲ್ಲೂ ಮೈಕ್ರೋ ಸೆಂಟರ್ ಅಂಗಡಿಗಳಿವೆ. ಮಾನಿಟರುಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಆದರೆ ಅವುಗಳಲ್ಲಿ ಓಡುವುದು ಮಿನುಗುವ ಹೂವು, ಜಲಪಾತ. ಅದಕ್ಕೆ ಮರುಳಾಗದೆ, ಸಿಬ್ಬಂದಿಯ ಅನುಮತಿ ಪಡೆದು ನಿಮ್ಮ ಲ್ಯಾಪ್‌ಟಾಪ್ ಜೋಡಿಸಿ, ಈ ಪದಗಳ ಪುಟವನ್ನು ತೆರೆಯಿರಿ: ದನ – ಧನ, ಬಾರ – ಭಾರ, ರತ್ನ – ರತ್ತ, ಅನ್ನ – ಅತ್ತ, ರಾಷ್ಟ್ರ, ಸ್ತ್ರೀ, ಲಕ್ಷ್ಮಿ. ಓದುವುದು ನೀವಲ್ಲ, ಮಗು ಓದಲಿ. ಒಂದು ತೋಳಿನ ದೂರದಲ್ಲಿ, ಎಂದಿನ ಗಾತ್ರದ ಅಕ್ಷರದಲ್ಲಿ ತಡವರಿಸದೆ ಓದಿದರೆ ಪರದೆ ಪಾಸು!

ಚೀಟಿಯ ಮೇಲಿನ ಬೆಲೆಗೆ ತೆರಿಗೆ ಸೇರಿಸಿಕೊಳ್ಳಿ. ಮಿಶಿಗನ್‌ನಲ್ಲಿ ಅದು ಶೇಕಡಾ 6, ಶಿಕಾಗೋ ನಗರದೊಳಗೆ ಶೇಕಡಾ 10ಕ್ಕೂ ಹೆಚ್ಚು. 400 ಡಾಲರಿನ ಮಾನಿಟರಿಗೆ ಒಂದು ಕಡೆ 24 ಡಾಲರ್, ಇನ್ನೊಂದು ಕಡೆ 40ಕ್ಕಿಂತ ಮೇಲೆ. ಹಿಂತಿರುಗಿಸುವ ಅವಧಿ ಎಷ್ಟು ದಿನ ಎಂದು ಕೇಳಿ, ರಸೀದಿಯನ್ನೂ ಪೆಟ್ಟಿಗೆಯನ್ನೂ ಜೋಪಾನ ಮಾಡಿ. ನಮಗೆ ತಪ್ಪು ಗೊತ್ತಾಗುವ ಹೊತ್ತಿಗೆ ಆ ದಿನಗಳು ದಾಟಿಹೋಗಿದ್ದವು. ಹಳೆಯ ಮಾನಿಟರನ್ನು ಕಸದ ಡಬ್ಬಿಗೆ ಹಾಕಬೇಡಿ. ಇಲಿನಾಯ್‌ನಲ್ಲಿ 2012ರ ಜನವರಿಯಿಂದ ಹಾಗೆ ಮಾಡುವುದು ಕಾನೂನಿಗೆ ವಿರುದ್ಧ. ಎರಡೂ ರಾಜ್ಯಗಳಲ್ಲಿ ಮರುಬಳಕೆಗೆ ತೆಗೆದುಕೊಳ್ಳುವ ಕೇಂದ್ರಗಳಿವೆ.

ಕೊನೆಯ ಮಾತು

ಒಂದು ವರ್ಷ ಹಣ ಕೂಡಿಸಿ, 34 ಇಂಚಿನ, 3440 × 1440ರ ಇನ್ನೊಂದು ಮಾನಿಟರ್ ಕೊಂಡೆವು. ಅಷ್ಟೇ ಅಗಲ, ಅಷ್ಟೇ ಎತ್ತರ. ಚುಕ್ಕಿ ಮಾತ್ರ ಹೆಚ್ಚು. ಹಳೆಯದು ಬೇಸ್‌ಮೆಂಟಿನಲ್ಲಿದೆ. ಕಾರ್ ರೇಸಿಗೆ ಅದು ಇಂದಿಗೂ ಚೆನ್ನಾಗಿಯೇ ಇದೆ. ಅದು ಕೆಟ್ಟ ಮಾನಿಟರ್ ಅಲ್ಲ. ಕನ್ನಡ ಓದಲು ಅದನ್ನು ಕೂರಿಸಿದ್ದು ನಮ್ಮ ತಪ್ಪು.

ಆ ಜನವರಿಯ ಸಂಜೆಯೇ ಮಗನನ್ನು ಹತ್ತಿರ ಕೂರಿಸಿಕೊಂಡು, "ತಪ್ಪು ನಿನ್ನದಲ್ಲ ಕಂದಾ, ನಮ್ಮದು" ಎಂದು ಹೇಳಿದೆವು. ಅವನು ಸ್ವಲ್ಪ ಹೊತ್ತು ಯೋಚಿಸಿ, "ಪರವಾಗಿಲ್ಲ ಅಮ್ಮಾ. ಆದ್ರೆ ಗೇಮ್ ಟೈಮ್ ಕಟ್ ಮಾಡಿದ್ಯಲ್ಲ, ಅದನ್ನ ವಾಪಸ್ ಕೊಡು" ಎಂದ. ಬಡ್ಡಿ ಸಮೇತ ಕೊಟ್ಟೆವು.

ಪೋಷಕರೇ, ಮಕ್ಕಳು ತಪ್ಪು ಓದಿದಾಗ ಗದರುವ ಮುನ್ನ ಅವರ ಪಕ್ಕದಲ್ಲಿ, ಅವರ ಎತ್ತರಕ್ಕೆ ಬಗ್ಗಿ, ಅವರು ನೋಡುತ್ತಿರುವುದನ್ನು ಒಮ್ಮೆ ನೋಡಿ. ತಪ್ಪು ಪರದೆಯದಿರಬಹುದು. ಪರದೆ ಸರಿಯಿದ್ದೂ ಅಕ್ಷರ ಮಸುಕಾಗಿದ್ದರೆ ಕಣ್ಣಿನ ಡಾಕ್ಟರರ ಬಳಿ ಕರೆದುಕೊಂಡು ಹೋಗಿ. ಮಕ್ಕಳೇ, ಇಪ್ಪತ್ತು ನಿಮಿಷಕ್ಕೊಮ್ಮೆ ಕಿಟಕಿಯಾಚೆ ದೂರಕ್ಕೆ ಇಪ್ಪತ್ತು ಸೆಕೆಂಡು ನೋಡಿ ಕಣ್ಣಿಗೆ ವಿಶ್ರಾಂತಿ ಕೊಡಿ. ಅಕ್ಷರ ಕಾಣದಿದ್ದರೆ 'ಕಾಣುತ್ತಿಲ್ಲ' ಎಂದು ಧೈರ್ಯವಾಗಿ ಹೇಳಿ. ಹಾಗೆ ಹೇಳುವುದು ದಡ್ಡತನವಲ್ಲ.

ನಿಮ್ಮ ಮನೆಗೆ ಬರುವ ಪರದೆ ಎಷ್ಟೇ ಅಗಲವಿರಲಿ, ಅದರಲ್ಲಿ ಧನವು ಧನವಾಗಿಯೇ ಕಾಣಲಿ ಎಂದು ಹಾರೈಸುತ್ತೇವೆ.